ಗಾಜಣ್ಣನ ಕುತ್ತಿಗೆ ನೋವು

ಗಾಜಣ್ಣನಿಗೆ ಹೆತ್ತವರು ಇಟ್ಟ ಹೆಸರು ಈಗ ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿದೆ. ಚುನಾವಣೆಯ ದಿನ ಗುಮಾಸ್ತರು ಅದನ್ನು ಗಟ್ಟಿಯಾಗಿ ಓದಿದಾಗ, ಯಾರಪ್ಪಾ ಈ ಮಹಾನುಭಾವ ಎಂದು ಅವನೇ ಒಮ್ಮೆ ಹಿಂದೆ ತಿರುಗಿ ನೋಡುವುದುಂಟು. ಮಿಕ್ಕ ದಿನಗಳಲ್ಲೆಲ್ಲ ಅವನು ಗಾಜಣ್ಣನೇ. ಸೈಕಲ್ ರಿಪೇರಿಯವನಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಹತ್ತಡಿ ಅಗಲದ ಜಾಗದಲ್ಲಿ ಮೂವತ್ತು ವರ್ಷಗಳಿಂದ ಕಿಟಕಿಗೆ, ಕಪಾಟಿಗೆ, ಅಂಗಡಿಗಳ ಮುಂಭಾಗಕ್ಕೆ ಗಾಜು ಕತ್ತರಿಸಿ ಕೂರಿಸುತ್ತ ಬಂದಿದ್ದಾನೆ. ಗಾಜಿನ ಮೇಲೆ ಗೀರು ಎಳೆಯುವುದು ಒಂದೇ ಸಲ. ಅದೇ ಗೀರಿನ ಮೇಲೆ ಇನ್ನೊಮ್ಮೆ ಎಳೆದರೆ ಗಾಜು ಎಲ್ಲೆಲ್ಲೋ ಒಡೆಯುತ್ತದೆ. ಈ ಶಿಸ್ತು ಗಾಜಣ್ಣನ ಕೈಗೆ ಬಂದಿತ್ತು, ಬಾಯಿಗೆ ಬಂದಿರಲಿಲ್ಲ. ಬಾಯಿ ಒಂದೇ ಮಾತನ್ನು ಹತ್ತು ಸಲ ಎಳೆಯುತ್ತಿತ್ತು, ಅದರಲ್ಲೂ ರಾಜಕೀಯದ ಮಾತಾದರೆ ಕೇಳುವುದೇ ಬೇಡ.

ಸಣ್ಣ ಗಾಜು ಒಬ್ಬನ ಕೆಲಸ. ಆಳೆತ್ತರದ ಗಾಜಿಗೆ ಇಬ್ಬರು ಬೇಕು. ಅದನ್ನು ಮಲಗಿಸಿ ಒಯ್ಯುವಂತಿಲ್ಲ, ತನ್ನ ಭಾರಕ್ಕೆ ತಾನೇ ಬಾಗಿ ಮುರಿಯುತ್ತದೆ. ನೆಟ್ಟಗೆ ನಿಲ್ಲಿಸಿ, ಆ ತುದಿಗೊಬ್ಬ ಈ ತುದಿಗೊಬ್ಬ ಹಿಡಿದು, ಇಬ್ಬರೂ ಗಾಜಿನ ಕಡೆಗೇ ಮುಖ ಮಾಡಿ ನಡೆಯಬೇಕು. ಅಂದಮೇಲೆ ಒಬ್ಬ ಮುಂದಕ್ಕೆ ನಡೆದರೆ ಇನ್ನೊಬ್ಬ ಹಿಂದಕ್ಕೆ ನಡೆಯಲೇಬೇಕಲ್ಲ. ಹಿಂದಕ್ಕೆ ನಡೆಯುವವನ ಕಣ್ಣು ಎದುರಿನವನ ಬಾಯಲ್ಲಿ ಇರುತ್ತದೆ. ಗಾಜಣ್ಣನಿಗೆ ಕೆಲಸ ಕಲಿಸಿದ ಮುದಿ ಮೇಸ್ತ್ರಿ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ತಿರುಗಿ ನೋಡಬೇಡ, ತಿರುಗಿದರೆ ನಿನ್ನ ಭುಜದ ಜೊತೆ ಗಾಜೂ ತಿರುಚುತ್ತದೆ, ಎದುರಿನವನು ಹೇಳಿದ್ದನ್ನು ಕೇಳು, ಕೇಳಲಾಗದಿದ್ದರೆ ಬೇರೆ ಕೆಲಸ ನೋಡಿಕೋ ಎನ್ನುತ್ತಿದ್ದ.

ಗಾಜಣ್ಣನ ಎದುರಿನವನು ಕಡ್ಡಿ. ಹೆಂಡತಿಯ ಸ್ವಂತ ತಮ್ಮ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಕ್ಕನ ಮನೆಗೆ ಎರಡು ದಿನ ಇದ್ದು ಹೋಗಲೆಂದು ಬಂದವನು, ಭಾವನ ಜೊತೆ ಒಂದು ಗಾಜಿಗೆ ಕೈಕೊಟ್ಟು, ಇಪ್ಪತ್ತಾರು ವರ್ಷವಾದರೂ ವಾಪಸ್ಸು ಹೋಗಿಲ್ಲ. ಮದುವೆಯಾಗಿ ಪಕ್ಕದ ಬೀದಿಯಲ್ಲೇ ಮನೆ ಮಾಡಿದ್ದಾನೆ. ಗಾಜಣ್ಣನದು ಕಪಾಟಿನಂಥ ಮೈ, ಇವನದು ಆ ಕಪಾಟಿನ ಹಿಂದೆ ಬಿದ್ದುಹೋದ ಕೋಲಿನಂಥದ್ದು. ಭಾರ ತಡೆಯುವವನೆಂದು ಗಾಜಣ್ಣ ಹಿಂದಕ್ಕೆ ನಡೆಯುವುದು, ಕಣ್ಣು ಚುರುಕಾದವನೆಂದು ಕಡ್ಡಿ ದಾರಿ ಹೇಳುವುದು, ಹೀಗೆ ಮೊದಲ ದಿನವೇ ನಿಗದಿಯಾಯಿತು. "ಬನ್ನಿ ಭಾವ, ಬನ್ನಿ... ಮೆಟ್ಲು... ಇನ್ನೊಂದು... ನಾಯಿ ಮಲಗಿದೆ, ಸ್ವಲ್ಪ ಈ ಕಡೆ... ನಿಲ್ಲಿ." ಈ ಒಂದು ದನಿಯನ್ನು ನಂಬಿಕೊಂಡು ಗಾಜಣ್ಣ ಆಸ್ಪತ್ರೆಯ ಕಾರಿಡಾರುಗಳಲ್ಲಿ, ಬ್ಯಾಂಕಿನ ಮೆಟ್ಟಿಲುಗಳ ಮೇಲೆ, ಇನ್ನೂ ಕಂಬಿಯೇ ಹಾಕದ ಮೂರನೇ ಮಹಡಿಗಳಲ್ಲಿ ಬೆನ್ನು ಮುಂದೆ ಮಾಡಿಕೊಂಡು ಓಡಾಡಿದ್ದಾನೆ. ಒಂದು ದಿನವೂ ಎಡವಿದ್ದಿಲ್ಲ.

ಊರಿನಲ್ಲಿ ಪಕ್ಷಗಳು ಎರಡು, ಗುರುತು ಕೊಡೆ ಮತ್ತು ಕುರ್ಚಿ. ಇವು ಹಿಂದಿನಿಂದಲೂ ಇದ್ದವು. ಆದರೆ ಆಗ ಜನ ಓಟು ಹಾಕಿ ಮನೆಗೆ ಬಂದು ಮಧ್ಯಾಹ್ನ ಒಂದು ನಿದ್ದೆ ತೆಗೆದರೆ ಚುನಾವಣೆ ಮುಗಿಯುತ್ತಿತ್ತು. ಗಾಜಣ್ಣನ ಅಪ್ಪ ಕೊಡೆ, ಆದ್ದರಿಂದ ಗಾಜಣ್ಣನೂ ಕೊಡೆ. ಹಾಗಿದ್ದೂ ಎರಡು ಸಲ ಅವನು ಸದ್ದಿಲ್ಲದೆ ಕುರ್ಚಿಗೆ ಹಾಕಿದ್ದ, ಏಕೆಂದರೆ ಆ ಅಭ್ಯರ್ಥಿ ಬೀದಿಯ ಚರಂಡಿಯನ್ನು ಕಲ್ಲು ಹಾಸಿ ಮುಚ್ಚಿಸಿದ್ದ. ಈ ಗುಟ್ಟು ಗೊತ್ತಿದ್ದದ್ದು ಕಡ್ಡಿಗೆ ಒಬ್ಬನಿಗೇ. ಕಡ್ಡಿ ಮಾತ್ರ ಮೊದಲಿನಿಂದ ಕುರ್ಚಿ. ಗಾಜಣ್ಣನ ಹೆಂಡತಿ ಯಾರಿಗೆ ಹಾಕುತ್ತಾಳೆಂದು ಯಾರಿಗೂ ಗೊತ್ತಿಲ್ಲ. ಅವಳು ತನ್ನ ಕಡೆಯವಳೇ ಎಂದು ಗಂಡನಿಗೂ ಖಾತ್ರಿ, ತಮ್ಮನಿಗೂ ಖಾತ್ರಿ.

ಆಮೇಲೆ ಎಲ್ಲರ ಕೈಗೂ ಫೋನು ಬಂತು, ಫೋನಿನಲ್ಲಿ ಗುಂಪುಗಳು ಬಂದವು. ಗಾಜಣ್ಣ ಕೊಡೆಯವರ ಗುಂಪಿಗೆ ಸೇರಿದ, ಕಡ್ಡಿ ಕುರ್ಚಿಯವರ ಗುಂಪಿಗೆ. ಬೆಳಗಾದರೆ ಗಾಜಣ್ಣನಿಗೆ ಕುರ್ಚಿಯವರು ಮಾಡಿದ ಏಳು ಅನ್ಯಾಯಗಳ ಸುದ್ದಿ, ಕಡ್ಡಿಗೆ ಕೊಡೆಯವರು ಮಾಡಿದ ಎಂಟು. ನಿಜ ಹೇಳಬೇಕೆಂದರೆ ಇಬ್ಬರೂ ಒಳ್ಳೆಯವರು, ಇಬ್ಬರಿಗೂ ಬಿಡುವು ಜಾಸ್ತಿ. ಗಾಜಿನ ಕೆಲಸದಲ್ಲಿ ಅಂಚಿಗೆ ಮೆತ್ತಿದ ಪುಟ್ಟಿ ಒಣಗುವವರೆಗೆ ಕಾಯಬೇಕು, ಕಾಯುವಾಗ ಫೋನು ನೋಡಬೇಕು, ನೋಡಿದರೆ ರಕ್ತ ಕುದಿಯಬೇಕು.

ಹನ್ನೊಂದು ತಿಂಗಳ ಹಿಂದೆ ಒಂದು ಭಾನುವಾರ ಎಂದಿನಂತೆ ಕಡ್ಡಿ ಅಕ್ಕನ ಮನೆಗೆ ಊಟಕ್ಕೆ ಬಂದಿದ್ದ. ಗಾಜಣ್ಣ ಬೆಳಗಿನಿಂದ ಏನೇನೋ ಓದಿ ಕಾದು ಕೂತಿದ್ದ. ಮಾತಿಗೆ ಮಾತು ಬೆಳೆಯಿತು. ಅನ್ನ ಗಂಟಲಲ್ಲಿ ಸಿಕ್ಕಿ ಗಾಜಣ್ಣ ಕೆಮ್ಮತೊಡಗಿದಾಗ ಕಡ್ಡಿಯೇ ಎದ್ದು ಹೋಗಿ ಲೋಟದಲ್ಲಿ ನೀರು ತಂದು ಮುಂದಿಟ್ಟ. ಆಗ ಗಾಜಣ್ಣನ ಬಾಯಿಂದ ಬಂದ ಮಾತು ಇದು: "ಕುರ್ಚಿಯವರ ಕೈಯಿಂದ ಒಂದು ಲೋಟ ನೀರು ಕೂಡ ನಂಬಿ ಕುಡಿಯೋ ಹಾಗಿಲ್ಲ."

ಇದು ಯಾರದೋ ಭಾಷಣದ ಸಾಲು. ಗುಂಪಿನಲ್ಲಿ ಬೆಳಿಗ್ಗೆ ಬಂದಿತ್ತು, ಅವನಿಗೆ ಹಿಡಿಸಿತ್ತು, ನಾಲಗೆಯ ತುದಿಯಲ್ಲೇ ಕೂತಿತ್ತು. ಕಡ್ಡಿ ಲೋಟವನ್ನು ಎತ್ತಿ ತಾನೇ ಪೂರ್ತಿ ಕುಡಿದು, ತೊಳೆದು, ಕವುಚಿಟ್ಟು, ಚಪ್ಪಲಿ ಹಾಕಿಕೊಂಡು ಹೋದ. ಅಂದಿನಿಂದ ಮಾತು ನಿಂತಿತು.

ಮಾತು ನಿಲ್ಲಿಸಬಹುದು, ಹೊಟ್ಟೆಪಾಡು ನಿಲ್ಲಿಸಲಾದೀತೆ? ಮರುದಿನ ಬೆಳಿಗ್ಗೆ ಎಂಟಕ್ಕೆ ಕಡ್ಡಿ ಅಂಗಡಿಗೆ ಬಂದ, ಮುಖ ಊದಿಸಿಕೊಂಡೇ ಬಂದ. ಆವತ್ತೇ ಒಂದು ದೊಡ್ಡ ಗಾಜು ಸಾಗಿಸಬೇಕಿತ್ತು. ದಾರಿ ಹೇಳಬೇಕಾದ ಜಾಗದಲ್ಲಿ ಕಡ್ಡಿ ಬಾಯಿ ಬಿಡದೆ ಹೆಬ್ಬೆರಳ ಉಗುರಿನಿಂದ ಗಾಜಿನ ಮೇಲೆ ಕುಟ್ಟಿದ. ಒಂದು ಕುಟ್ಟಿದರೆ ಬಾ, ಎರಡಾದರೆ ಮೆಟ್ಟಿಲು, ಮೂರಾದರೆ ನಿಲ್ಲು. ಆ ಸಣ್ಣ ಅದುರು ಗಾಜಿನೊಳಗಿಂದ ಹರಿದು ಗಾಜಣ್ಣನ ಅಂಗೈಗೆ ತಲುಪುತ್ತಿತ್ತು. ಉಳಿದ ಮಾತುಕತೆಗೆ ಗಾಜಣ್ಣನ ಹೆಂಡತಿ ಇದ್ದಳು. ಗಂಡ ಅಳತೆ ಹೇಳಿದರೆ ಅವಳು ತಮ್ಮನಿಗೆ ಫೋನು ಮಾಡಬೇಕು, ತಮ್ಮ ಉತ್ತರ ಹೇಳಿದರೆ ಗಂಡನಿಗೆ ತಿಳಿಸಬೇಕು. ಇಬ್ಬರೂ ಕೂತಿರುತ್ತಿದ್ದದ್ದು ಒಂದೇ ಅಂಗಡಿಯಲ್ಲಿ, ಆರಡಿ ದೂರದಲ್ಲಿ.

ಹಟ ಅಲ್ಲಿಗೇ ನಿಲ್ಲಲಿಲ್ಲ. ಗಾಜಣ್ಣ ಕುರ್ಚಿಯ ಮೇಲೆ ಕೂರುವುದನ್ನೇ ಬಿಟ್ಟು ಪುಟ್ಟಿಯ ಡಬ್ಬವನ್ನು ಕವುಚಿ ಹಾಕಿ ಅದರ ಮೇಲೆ ಕೂರತೊಡಗಿದ. ಡಬ್ಬದ ಅಂಚು ಒತ್ತಿ ಒತ್ತಿ ಅವನು ಏಳುವಾಗಲೆಲ್ಲ ಹಿಂದೆ ಒಂದು ದುಂಡು ಗುರುತು ಬಿದ್ದಿರುತ್ತಿತ್ತು. ಕಡ್ಡಿ ಮಳೆಗಾಲದಲ್ಲೂ ಕೊಡೆ ಮುಟ್ಟದೆ, ಗೋಣಿಚೀಲವನ್ನು ತಲೆಗೆ ಹಾಕಿಕೊಂಡು, ತೊಯ್ದ ಕಾಗೆಯಂತೆ ಅಂಗಡಿಗೆ ಬರುತ್ತಿದ್ದ. ನೆಗಡಿ ಅವನ ಮೂಗಿನಲ್ಲಿ ಮನೆ ಮಾಡಿತು.

ಗಾಜಣ್ಣನಿಗೆ ಬಂದದ್ದು ಕುತ್ತಿಗೆ ನೋವು. ಉಗುರಿನ ಕುಟ್ಟು ಅಂಗೈಗೆ ತಲುಪುತ್ತಿತ್ತೇ ಹೊರತು ಮನಸ್ಸಿಗೆ ತಲುಪುತ್ತಿರಲಿಲ್ಲ. ಇವನು ನಿಜವಾಗಿ ನೋಡಿ ಕುಟ್ಟುತ್ತಿದ್ದಾನೋ ಇಲ್ಲವೋ ಎಂಬ ಅನುಮಾನ ಹುಟ್ಟಿ, ಹತ್ತು ಹೆಜ್ಜೆಗೊಮ್ಮೆ, ಆಮೇಲೆ ಐದು ಹೆಜ್ಜೆಗೊಮ್ಮೆ, ಕತ್ತು ಹೊರಳಿಸಿ ಹಿಂದೆ ನೋಡತೊಡಗಿದ. ಮುದಿ ಮೇಸ್ತ್ರಿ ಕಂಡಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದ. ಸಂಜೆ ಮನೆಗೆ ಬಂದ ಕೂಡಲೇ ಹೆಂಡತಿ ನೋವಿನ ಎಣ್ಣೆ ತಿಕ್ಕಬೇಕು. ತಿಕ್ಕುತ್ತ ತಿಕ್ಕುತ್ತ ಅವಳು, ಈ ಬೇನೆ ಕುತ್ತಿಗೆಯದಲ್ಲ, ಒಂದು ಸಲ ಅವನ ಹತ್ತಿರ ತಪ್ಪಾಯಿತು ಎಂದರೆ ನಾಳೆಯೇ ವಾಸಿಯಾಗುತ್ತದೆ ಎನ್ನುತ್ತಿದ್ದಳು. ಗಾಜಣ್ಣ ಎಣ್ಣೆಯ ವಾಸನೆ ಸರಿಯಿಲ್ಲ ಎಂದು ಮಾತು ತೇಲಿಸುತ್ತಿದ್ದ.

ಮತದಾನಕ್ಕೆ ಒಂದು ವಾರ ಇದೆ ಎನ್ನುವಾಗ ಅವಳು ಎಣ್ಣೆ ತಿಕ್ಕುವುದನ್ನು ನಡುವೆ ನಿಲ್ಲಿಸಿ ಹೇಳಿದಳು: "ಚುನಾವಣೆ ಮುಗಿದ ಸೋಮವಾರದಿಂದ ಅವನು ದೊಡ್ಡ ರಸ್ತೆಯ ಹೊಸ ಗಾಜಿನಂಗಡಿಗೆ ಹೋಗ್ತಾನಂತೆ. ಮಾತಾಡಿ ಬಂದಿದ್ದಾನೆ."

"ಹೋಗ್ಲಿ," ಎಂದ ಗಾಜಣ್ಣ. ಅಂದದ್ದೇನೋ ಅಂದ, ಆದರೆ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಲೆಕ್ಕ ಹಾಕಿದ. ಕಡ್ಡಿ ಹೋದರೆ ದೊಡ್ಡ ಗಾಜುಗಳೂ ಹೋದವು. ಇನ್ನು ಫೋಟೊಗಳಿಗೆ ಕಟ್ಟು ಹಾಕಿಕೊಂಡು ಕೂರಬೇಕು. ಬೇರೆ ಯಾರನ್ನಾದರೂ ಇಟ್ಟುಕೊಳ್ಳಬಹುದಿತ್ತು, ಆದರೆ ಈ ವಯಸ್ಸಿನಲ್ಲಿ ಇನ್ನೊಬ್ಬನ ದನಿಗೆ ಬೆನ್ನು ಒಪ್ಪಿಸಿ ನಡೆಯುವುದನ್ನು ನೆನೆಸಿಕೊಳ್ಳಲೂ ಅವನು ಸಿದ್ಧನಿರಲಿಲ್ಲ. ಅದೂ ಅಲ್ಲದೆ, ಕಡ್ಡಿ ಇಲ್ಲದ ಅಂಗಡಿ ಎಂದರೆ ಏನೆಂದೇ ಅವನಿಗೆ ಗೊತ್ತಿರಲಿಲ್ಲ. ಆ ಹೆಸರೆತ್ತಿ ಕರೆಯಲು ಬಾಯಿಯೂ ಬರುತ್ತಿರಲಿಲ್ಲ. ಬಿಗುಮಾನ ಅಂಥದ್ದು.

ಅಷ್ಟರಲ್ಲಿ ವಾಚನಾಲಯದ ಗಾಜು ಒಡೆಯಿತು. ಬೀದಿಯ ಮೂಲೆಯ ಈ ವಾಚನಾಲಯವೇ ಅವರ ಮತಗಟ್ಟೆ. ಅದರ ಮುಂದಿನ ದೊಡ್ಡ ಕಿಟಕಿಯಲ್ಲಿ ಬೆಳಗಾಗುವಷ್ಟರಲ್ಲಿ ತಲೆ ಹೋಗುವಷ್ಟು ತೂತು. ಎಂಟು ಗಂಟೆಗೆ ಕೊಡೆಯವರ ಗುಂಪಿನಲ್ಲಿ, ಕುರ್ಚಿಯವರ ಗೂಂಡಾಗಿರಿ ನೋಡಿ ಎಂದು ಚಿತ್ರ ಬಂತು. ಎಂಟೂವರೆಗೆ ಕುರ್ಚಿಯವರ ಗುಂಪಿನಲ್ಲಿ ಅದೇ ಚಿತ್ರ, ಕೊಡೆಯವರ ಹೆಸರಿನಲ್ಲಿ. ಗಾಜಣ್ಣ ಅದನ್ನು ಹದಿನಾಲ್ಕು ಜನಕ್ಕೆ ಕಳಿಸಿದ. ಕಡ್ಡಿ ಇಪ್ಪತ್ತು ಜನಕ್ಕೆ. ಇಬ್ಬರ ಕೋಪವೂ ಇನ್ನೂ ಬಿಸಿಯಾಗಿರುವಾಗಲೇ ವಾಚನಾಲಯದ ಮೇಡಂ ಇಬ್ಬರನ್ನೂ ಅಳತೆಗೆ ಕರೆಸಿದರು. ಮತದಾನದೊಳಗೆ ಹೊಸ ಗಾಜು ಕೂರಲೇಬೇಕೆಂದು ಮೇಲಿನವರ ಆಜ್ಞೆಯಾಗಿತ್ತು.

ಅಳತೆ ಮುಗಿದಾಗ ಮೇಡಂ ಮೇಜಿನ ಡ್ರಾಯರು ಎಳೆದು ಒಂದು ಚೆಂಡು ತೋರಿಸಿದರು. ಕಪಾಟಿನ ಕೆಳಗೆ ಸಿಕ್ಕಿತಂತೆ. ಹಿಂದಿನ ಸಂಜೆ ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರಂತೆ. ಎರಡೂ ಪಕ್ಷದವರಿಗೆ ಇದನ್ನು ತೋರಿಸಿದರೂ ಇಬ್ಬರಿಗೂ ಬೇಡವಾಯಿತಂತೆ. ಗಾಜಣ್ಣ ಚೆಂಡನ್ನು ನೋಡಿದ. ಕಡ್ಡಿಯೂ ನೋಡಿ, ಒಂದು ಸೀನು ಸೀನಿದ. ಮನೆಗೆ ಹೋಗುವ ದಾರಿಯಲ್ಲಿ ಗಾಜಣ್ಣನ ತಲೆಯಲ್ಲಿ ಓಡಿದ ವಿಚಾರ ಏನೆಂದರೆ, ಆ ಚೆಂಡನ್ನು ಅಲ್ಲಿ ತಂದಿಟ್ಟವರು ಕುರ್ಚಿಯವರೇ ಯಾಕಾಗಿರಬಾರದು? ಹೀಗಿರುತ್ತದೆ ನೋಡಿ ಮನುಷ್ಯನ ಬುದ್ಧಿ. ಕಣ್ಣೆದುರಿಗೆ ಚೆಂಡು ಹಿಡಿದರೂ ಅದಕ್ಕೂ ಒಂದು ಗುರುತು ಅಂಟಿಸಿಬಿಡುತ್ತದೆ.

ಮತದಾನದ ಹಿಂದಿನ ದಿನ ಬೆಳಿಗ್ಗೆ ಗಾಜು ಹೊತ್ತ ಗಾಡಿ ವಾಚನಾಲಯದ ಗೇಟಿಗೆ ಬಂದು ನಿಂತಿತು. ಗೇಟಿನಿಂದ ಮೆಟ್ಟಿಲಿಗೆ ನಲವತ್ತು ಹೆಜ್ಜೆ, ಸಪಾಟು ನೆಲ. ಅಳತೆಗೆ ಬಂದಾಗಲೇ ಗಾಜಣ್ಣ ಎಣಿಸಿ ಇಟ್ಟುಕೊಂಡಿದ್ದ. ಅವನಿಗೆ ಗೊತ್ತಿರದ ಸಂಗತಿ ಒಂದೇ. ಸಾಲಿನಲ್ಲಿ ನಿಲ್ಲುವವರ ನೆರಳಿಗೆ ಬಟ್ಟೆ ಕಟ್ಟಲೆಂದು ಕೆಲಸದವರು ಆವತ್ತು ಮುಂಜಾನೆ ಕಂಬಗಳಿಗೆ ಗುಂಡಿ ತೋಡಿದ್ದರು. ಮಿಕ್ಕ ಗುಂಡಿಗಳಿಗೆಲ್ಲ ಕಂಬ ಸಿಕ್ಕಿ, ಒಂದಕ್ಕೆ ಸಾಲದೆ, ಅವರು ಇನ್ನೊಂದು ಕಂಬ ತರಲು ಹೋಗಿದ್ದರು.

ಗಾಜಣ್ಣನ ಕುತ್ತಿಗೆ ಆ ಬೆಳಿಗ್ಗೆ ಪೂರ್ತಿ ಹಿಡಿದುಕೊಂಡಿತ್ತು, ಹೊರಳಿಸುವ ಮಾತೇ ಇರಲಿಲ್ಲ. ಒಂದು ಕುಟ್ಟು, ಒಂದು ಹೆಜ್ಜೆ, ಹೀಗೆ ಅಂಗಳದ ಅರ್ಧ ದಾಟಿದರು. ಅವನ ಅಗಲವಾದ ಮೈಯ ಹಿಂದೆ ಏನಿದೆಯೆಂದು ಕಡ್ಡಿಗೂ ಕಂಡದ್ದು ತಡವಾಗಿ. ಮೂರು ಕುಟ್ಟು ಬಂತು. ಗಾಜಣ್ಣ ನಿಲ್ಲಲಿಲ್ಲ. ನಡು ಅಂಗಳದಲ್ಲಿ ನಿಲ್ಲುವುದೇಕೆ? ಇಲ್ಲಿ ಒಂದು ಕಲ್ಲೂ ಇಲ್ಲ. ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ ತಮಾಷೆ ನೋಡುತ್ತಿದ್ದಾನೆ, ಕುರ್ಚಿಯವರ ಬುದ್ಧಿಯೇ ಇಷ್ಟು ಎಂದುಕೊಂಡು ಇನ್ನೊಂದು ಹೆಜ್ಜೆ ಇಟ್ಟ. ಮತ್ತೆ ಮೂರು ಕುಟ್ಟು. ಮತ್ತೊಂದು ಹೆಜ್ಜೆ. ಕಡ್ಡಿ ತಾನು ನಿಲ್ಲುವಂತಿರಲಿಲ್ಲ, ನಿಂತರೆ ಆ ಕಡೆಯಿಂದ ಭಾವ ಎಳೆದು ಗಾಜು ಇಬ್ಬರ ಮೈಮೇಲೂ ಕುಸಿಯುತ್ತಿತ್ತು. ಹೆಜ್ಜೆ ಹಾಕುತ್ತಲೇ ಮೂರನೆಯ ಬಾರಿ ಉಗುರು ಒಡೆಯುವ ಹಾಗೆ ಕುಟ್ಟಿದ. ಗಾಜಣ್ಣ ಕಾಲೆತ್ತಿದ.

"ಭಾವಾ, ಹಿಂದೆ ಗುಂಡಿ. ಕಾಲು ಇಡ್ಬೇಡಿ."

ಹನ್ನೊಂದು ತಿಂಗಳ ನಂತರ ಬಂದ ದನಿ, ನೆಗಡಿಗೆ ಅರ್ಧ ಕಟ್ಟಿಹೋಗಿತ್ತು. ಆದರೂ ಗಾಜಣ್ಣನ ತಲೆ ಯೋಚಿಸುವ ಮೊದಲೇ ಕಾಲು ಕೇಳಿತು. ಎತ್ತಿದ ಪಾದ ಹಾಗೇ ಗಾಳಿಯಲ್ಲಿ ನಿಂತಿತು. ಮೆಲ್ಲಗೆ ಅದನ್ನು ಮುಂದೆ ತಂದು ಊರಿದ. ಅಷ್ಟರಲ್ಲಿ ಕಡ್ಡಿಯ ಮುಖ ವಿಚಿತ್ರವಾಗತೊಡಗಿತು. ಕಣ್ಣು ಸಣ್ಣದಾಯಿತು, ಮೂಗು ಅರಳಿತು. ಸೀನು ಬರುವುದರಲ್ಲಿತ್ತು. ಸೀನಿದರೆ ಗಾಜಿಗೆ ಉಳಿಗಾಲವಿಲ್ಲ.

"ಬಾಯಲ್ಲಿ ಉಸಿರು ತಗೋ," ಎಂದ ಗಾಜಣ್ಣ. "ಮೂಗು ಮರೆತುಬಿಡು. ಬಾಯಲ್ಲಿ, ಹಾಂ, ಹಾಗೆ. ಚಪ್ಪಲಿ ಬಿಡು."

ಇಬ್ಬರೂ ಕಾಲಿನಿಂದಲೇ ಚಪ್ಪಲಿ ಕಳಚಿ, ಅವುಗಳನ್ನು ಗಾಜಿನ ಕೆಳಗೆ ತಳ್ಳಿ, ಅದರ ಮೇಲೆ ಗಾಜನ್ನು ಕೂಸಿನಂತೆ ಇಳಿಸಿದರು. ಆ ಮೇಲೆ ಕಡ್ಡಿ ಮುಖ ಆಚೆ ತಿರುಗಿಸಿ ನಾಲ್ಕು ಸಲ ಸೀನಿದ. ಗಾಜು ಬೀಳದಂತೆ ಆ ಬದಿಗೊಬ್ಬ ಈ ಬದಿಗೊಬ್ಬ ನಿಂತು ಹಿಡಿದಾಗ, ಬಹಳ ದಿನಗಳ ಮೇಲೆ ಗಾಜಣ್ಣನಿಗೆ ಕಡ್ಡಿಯ ಮುಖ ಸರಿಯಾಗಿ ಕಂಡಿತು. ಕೆಂಪು ಮೂಗು, ನೀರೂರಿದ ಕಣ್ಣು, ಕಿವಿಯ ಪಕ್ಕ ಯಾವಾಗ ಬಂತೋ ಗೊತ್ತಿಲ್ಲದ ಬಿಳಿ ಕೂದಲು. ಗಾಜಣ್ಣ ಮೈಯನ್ನೇ ತಿರುಗಿಸಿ ಹಿಂದೆ ನೋಡಿದ. ಒಂದು ಗೇಣು ಆಚೆ, ತೊಡೆಯವರೆಗೆ ಆಳದ ಗುಂಡಿ. ಅದರಲ್ಲಿ ಕಾಲಿಟ್ಟಿದ್ದರೆ ಇಷ್ಟು ದೊಡ್ಡ ಗಾಜು ಕುತ್ತಿಗೆಯ ಮೇಲೆಯೇ ಬರುತ್ತಿತ್ತು. ಆಮೇಲೆ ಯಾವ ಎಣ್ಣೆಯೂ ಬೇಕಾಗುತ್ತಿರಲಿಲ್ಲ.

"ಕುಟ್ಟಿದ್ದು ಗೊತ್ತಾಗ್ಲಿಲ್ವಾ?" ಎಂದು ಕೇಳಿದ ಕಡ್ಡಿ.

ಸುಳ್ಳು ಹೇಳಬಹುದಿತ್ತು. ಗಾಜಣ್ಣ ಹೇಳಲಿಲ್ಲ. "ಗೊತ್ತಾಯ್ತು. ನಂಬ್ಲಿಲ್ಲ."

ಕಡ್ಡಿ ಮೂಗನ್ನು ತೋಳಿಗೆ ಒರೆಸಿಕೊಂಡ. "ಓಟು ಕುರ್ಚಿಗೆ ಹಾಕ್ತೀನಿ ಅಂತ ನಿಮ್ಮನ್ನ ಗುಂಡಿಗೆ ಬೀಳಿಸ್ತೀನಾ ಭಾವ?"

ನಾಚಿಕೆಯಿಂದ ಗಾಜಣ್ಣನ ಕಿವಿ ಬಿಸಿಯಾಯಿತು. ಇನ್ನೊಂದು ವಿಷಯವೂ ಆಗಲೇ ಅವನ ತಲೆಗೆ ಹೊಳೆಯಿತು. ಅವನು ಎರಡು ಸಲ ಕುರ್ಚಿಗೆ ಓಟು ಹಾಕಿದ್ದ ಗುಟ್ಟನ್ನು ಕಡ್ಡಿ ಈ ಹನ್ನೊಂದು ತಿಂಗಳಲ್ಲಿ ಯಾರ ಮುಂದೆಯೂ ಬಿಟ್ಟುಕೊಟ್ಟಿರಲಿಲ್ಲ. ಗುಂಪಿನಲ್ಲಿ ಒಂದು ಸಾಲು ಬರೆದಿದ್ದರೆ ಗಾಜಣ್ಣ ಬೀದಿಯಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ. ಅಂಥ ಕೋಪದಲ್ಲೂ ಬರೆದಿರಲಿಲ್ಲ. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಕಂಬ ಹೊತ್ತ ಕೆಲಸದವರು ಬಂದು, ಅಯ್ಯೋ ನೋಡಿಕೊಂಡು ಬರಬಾರದೇ ಎಂದು ಇವರಿಗೇ ಬೈದರು. ಮಾತು ಅಲ್ಲಿಗೇ ಉಳಿಯಿತು.

ಗಾಜು ಕೂತಿತು. ಜನ ಕಾಣದೆ ಹಾಯಬಾರದೆಂದು ಅದರ ಮೇಲೆ ಕಡ್ಡಿ ಸುಣ್ಣದಲ್ಲಿ ಎರಡು ಅಡ್ಡಗೆರೆ ಎಳೆದ. ಮಧ್ಯಾಹ್ನ ಅಂಗಡಿಯಲ್ಲಿ ಗಾಜಣ್ಣ ತನ್ನ ಡಬ್ಬದ ಮೇಲೆ ಕೂತು ಗುಂಪಿನಲ್ಲಿ ಬರೆದ: ವಾಚನಾಲಯದ ಗಾಜು ಮಕ್ಕಳ ಚೆಂಡು ತಾಗಿ ಒಡೆದದ್ದು, ಆ ಚೆಂಡನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಐದು ನಿಮಿಷದಲ್ಲಿ ಅವನಿಗೆ ಒಂಬತ್ತು ಉತ್ತರ ಬಂತು. ಕುರ್ಚಿಯವರು ಎಷ್ಟು ಕೊಟ್ಟರು ಎಂದು ಮೂವರು ಕೇಳಿದ್ದರು. ಅವನು ಬೆಪ್ಪಾಗಿ ಫೋನು ಹಿಡಿದು ಕೂತಿದ್ದಾಗ ಕಡ್ಡಿ ತನ್ನ ಫೋನನ್ನು ಗಾಜು ಕತ್ತರಿಸುವ ಮೇಜಿಗೆ ಹೊದಿಸಿದ ಕಂಬಳಿಯ ಮೇಲೆ ಈ ಕಡೆಗೆ ಜಾರಿಸಿದ. ಅವನೂ ಅದನ್ನೇ ಬರೆದಿದ್ದ. ಅವನ ಗುಂಪಿನವರ ಲೆಕ್ಕದಲ್ಲಿ ಅವನನ್ನು ಕೊಡೆಯವರು ಕೊಂಡುಕೊಂಡು ಹತ್ತು ನಿಮಿಷವಾಗಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕದ್ದೇನೋ ಆಯಿತು, ಆದರೆ ಸೋಮವಾರದ ಮಾತು ಗಾಜಣ್ಣ ಕೇಳಲಿಲ್ಲ, ಕಡ್ಡಿ ಹೇಳಲೂ ಇಲ್ಲ.

ಮರುದಿನ ಮೂವರೂ ಒಂದೇ ಸಾಲಿನಲ್ಲಿ ನಿಂತು ಓಟು ಹಾಕಿದರು. ಗಾಜಣ್ಣ ಕೊಡೆಗೇ ಹಾಕಿದ, ಅದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕಡ್ಡಿ ಕುರ್ಚಿಗೇ ಹಾಕಿರಬೇಕು, ಕತ್ತೆ. ಹೆಂಡತಿ ಹೊರಗೆ ಬಂದು ಬೆರಳಿನ ಶಾಯಿಯನ್ನು ಬಿಸಿಲಿಗೆ ಹಿಡಿದು ನೋಡಿಕೊಂಡು, ಇಬ್ಬರ ಮುಖವನ್ನೂ ಒಮ್ಮೆ ನೋಡಿ ಮುಗುಳ್ನಕ್ಕಳು, ಅಷ್ಟೇ.

ಭಾನುವಾರ ಅವಳು ಯಾರನ್ನೂ ಕೇಳದೆ ಎರಡು ತಟ್ಟೆ ಹೆಚ್ಚಿಗೆ ಹಾಕಿದಳು. ತಮ್ಮನಿಗೆ ಒಂದು, ಅವನ ಹೆಂಡತಿಗೆ ಒಂದು. ಫಲಿತಾಂಶ ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಇಬ್ಬರಲ್ಲಿ ಒಬ್ಬ ಮೆರೆಯುವುದು, ಇನ್ನೊಬ್ಬ ಗೊಣಗುವುದು ಇದ್ದೇ ಇತ್ತು. ಕಡ್ಡಿ ಬಂದ, ಕೂತ, ತಲೆ ತಗ್ಗಿಸಿ ಉಣ್ಣತೊಡಗಿದ. ಹೆಂಗಸರಿಬ್ಬರೂ ಅಡುಗೆಮನೆ ಸೇರಿದರು. ಗಾಜಣ್ಣನ ಗಂಟಲಲ್ಲಿ ಅನ್ನ ಸಿಕ್ಕಿರಲಿಲ್ಲ, ಕೆಮ್ಮೂ ಬಂದಿರಲಿಲ್ಲ. ಆದರೂ ಅವನು ತನ್ನ ಖಾಲಿ ಲೋಟವನ್ನು ಎತ್ತಿ ಎದುರಿಗೆ ಹಿಡಿದ.

"ನೀರು ಕೊಡೋ," ಎಂದ. "ಆವತ್ತು ಹಾಗೆ ಅನ್ಬಾರ್ದಿತ್ತು ನಾನು."

ಕಡ್ಡಿ ಲೋಟ ತೆಗೆದುಕೊಂಡು ಎದ್ದು ಹೋದ. ಅಂಚಿನವರೆಗೆ ತುಂಬಿ ತಂದು, ಚೆಲ್ಲದಂತೆ ಮುಂದಿಟ್ಟ. ಗಾಜಣ್ಣ ಅದನ್ನು ಎತ್ತಿ, ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ, ನೋವಾದರೂ ಲೆಕ್ಕಿಸದೆ, ಒಂದೇ ಉಸಿರಿಗೆ ಕೊನೆಯ ಹನಿಯವರೆಗೆ ಕುಡಿದ. ಕಡ್ಡಿ ನೋಡುತ್ತ ನಿಂತಿದ್ದ.

"ನಾಳೆ ಸೋಮವಾರ, ದರ್ಜಿ ಅಂಗಡಿಯ ಆಳುದ್ದದ ಕನ್ನಡಿ ಇದೆಯಲ್ಲ ಭಾವ," ಎಂದ ಅವನು, ಖಾಲಿ ಲೋಟಕ್ಕೆ ಕೈ ಚಾಚುತ್ತ. "ಎಂಟಕ್ಕೇ ಬರ್ತೀನಿ."